ಬೇಸರಕ್ಕೆ ಕೆರೆ ಏರಿಯ ಮದ್ದು

ಸಂಜೆಯಾಯಿತೆಂದರೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಜನವೋ ಜನ. ಸಕ್ಕರೆ ಕಾಯಿಲೆಯವರು ಡಾಕ್ಟರಿಗೆ ಹೆದರಿ ಬರುತ್ತಾರೆನ್ನಿ. ಮನಸ್ಸು ಮುದುಡಿದವರಿಗೂ ಈ ನಡಿಗೆ ಒಳ್ಳೆಯದೇ. ‘ಮನಸ್ಸು ಸರಿಹೋಗ್ಲಿ, ಆಮೇಲೆ ಏಳ್ತೀನಿ’ ಅಂತ ಕೂತರೆ ಅದು ಸರಿಹೋಗುವುದು ಕಷ್ಟ. ಮೊದಲು ಕಾಲು ಎದ್ದರೆ ಮನಸ್ಸು ಹಿಂದೆ ಬಂದೀತು ಎಂಬುದು ಮನೋವೈದ್ಯರ ಲೆಕ್ಕ. ಏರಿ ದೂರವೇ? ಬಾಗಿಲ ಮುಂದಿನ ಗಿಡಕ್ಕೆ ಒಂದು ಚೊಂಬು ನೀರು ಹಾಕಿದರೂ ಆಯಿತು, ಪಕ್ಕದ ಮನೆಯವರ ಜೊತೆ ಕಾಫಿ ಕುಡಿದರೂ ಆಯಿತು. ಮನೆಯವರು ‘ಸೋಮಾರಿ’ ಅಂತ ಮೂದಲಿಸುವುದು ಮಾತ್ರ ಬೇಡ.

ಎರಡು ವಾರವಾದರೂ ಊಟ-ನಿದ್ದೆ ಸೇರದಿದ್ದರೆ ನಡಿಗೆಯೊಂದೇ ಸಾಲದು, ವೈದ್ಯರು ಬೇಕು. ಬದುಕೇ ಬೇಡವೆನಿಸಿದರಂತೂ ತಡಮಾಡಬಾರದು. 2022ರಲ್ಲಿ ಶುರುವಾದ ‘ಟೆಲಿ ಮಾನಸ್’ಗೆ 14416 ಒತ್ತಿದರೆ ಹಗಲು-ರಾತ್ರಿಯೆನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡು ಕೇಳುವುದಿಲ್ಲ.