ವಿಜ್ಞಾನವಾರ್ತೆ: ಹಣ ಯಾರದು, ಲೆಕ್ಕ ಯಾರಿಗೆ?

ಉತ್ತರಹಳ್ಳಿಯ ಬಡಾವಣೆಯೊಂದರಲ್ಲಿ ವಾಸಿಸುವ ಗೃಹಸ್ಥನೊಬ್ಬನು ತನ್ನ ಕೊಳವೆಬಾವಿಯ ನೀರು ಕುಡಿಯಲು ಯೋಗ್ಯವೇ ಎಂದು ತಿಳಿಯಬಯಸುತ್ತಾನೆಂದು ಭಾವಿಸೋಣ. ನೀರಿನಲ್ಲಿ ನೈಟ್ರೇಟ್ ಎಷ್ಟಿದೆಯೆಂಬುದನ್ನು ಪ್ರಯೋಗಾಲಯವು ಅಂಕಿಗಳಲ್ಲಿ ತಿಳಿಸಬಲ್ಲುದು. ಆದರೆ ಲೀಟರಿಗೆ 45 ಮಿಲಿಗ್ರಾಂ ಎಂಬ ಭಾರತೀಯ ಮಾನಕದ ಮಿತಿಗೆ ಅರ್ಥವೇನು, ಅದನ್ನು ಮೀರಿದ ನೀರು ಹಸುಗೂಸಿನ ರಕ್ತದಲ್ಲಿ ಆಮ್ಲಜನಕದ ಸಾಗಣೆಗೆ ಹೇಗೆ ಅಡ್ಡಿಯಾಗಬಲ್ಲುದು, ಬಡಾವಣೆಯ ಕೊಳಚೆಯು ನೆಲದೊಳಕ್ಕೆ ಇಳಿಯುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಅವನಿಗೆ ತಿಳಿಯುವ ಕನ್ನಡದಲ್ಲಿ ಉತ್ತರ ಹೇಳುವವರು ಯಾರು? ವಿಜ್ಞಾನವನ್ನು ಬಲ್ಲ, ಯಾರ ಹಂಗಿಗೂ ಒಳಗಾಗದ ವಾರ್ತಾಸಂಸ್ಥೆಯೊಂದು ಬೇಕಾಗುವುದು ಇಲ್ಲಿಯೇ.

ಇಂತಹ ಸಂಸ್ಥೆಯು ಅಗ್ಗವಾಗಿ ನಡೆಯತಕ್ಕುದಲ್ಲ. ಸಂಶೋಧನಾ ಲೇಖನವನ್ನು ಓದಿ ಅರಿಯಬಲ್ಲ ವರದಿಗಾರನು ಬೇಕು. ಸಣ್ಣದೊಂದು ವರದಿಗಾಗಿ ಇಬ್ಬರು ಮೂವರು ತಜ್ಞರನ್ನು ವಿಚಾರಿಸುವಷ್ಟು ಕಾಲಾವಕಾಶವೂ ಬೇಕು. ಫಲವಾದರೋ ಬೀದಿದೀಪದ ಬೆಳಕಿನಂತೆ, ಹಣ ಕೊಟ್ಟವನಿಗೂ ಕೊಡದವನಿಗೂ ಸಮವಾಗಿ ದೊರೆಯುತ್ತದೆ. ಆದುದರಿಂದ ಚಂದಾಹಣವೊಂದನ್ನೇ ನಂಬಿ ಇಂತಹ ಕಾರ್ಯವನ್ನು ಬಹುಕಾಲ ನಡೆಸುವುದು ಕಷ್ಟ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 1918ರಲ್ಲಿ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆಯು ಕನ್ನಡದಲ್ಲಿ ಈ ಬಗೆಯ ಮೊದಲ ಪತ್ರಿಕೆಯೆಂಬ ಕೀರ್ತಿಯನ್ನು ಪಡೆದರೂ ಎರಡು ವರ್ಷ ಮಾತ್ರ ನಡೆಯಿತು.

ಬೀದಿದೀಪಕ್ಕೆ ಸಾರ್ವಜನಿಕರ ಹಣವು ಸಲ್ಲುವಂತೆ ವಿಜ್ಞಾನವಾರ್ತೆಗೂ ಸಲ್ಲುವುದು ನ್ಯಾಯವೇ ಸರಿ. ಆದರೆ ಅದರಲ್ಲಿ ಎರಡು ಅಪಾಯಗಳುಂಟು. ಮೊದಲನೆಯದು, ಹಣದ ಮೂಲವು ಒಂದೇ ಆಗಿರುವುದು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ ಸೇರಿದ ಸ್ವಾಯತ್ತ ಸಂಸ್ಥೆಯಾಗಿ 1989ರಲ್ಲಿ ಹುಟ್ಟಿದ ‘ವಿಜ್ಞಾನ್ ಪ್ರಸಾರ್’, 2017ರಲ್ಲಿ ‘ಇಂಡಿಯಾ ಸೈನ್ಸ್ ವೈರ್’ ಎಂಬ ವಾರ್ತಾಸೇವೆಯನ್ನು ಆರಂಭಿಸಿ ವೃತ್ತಪತ್ರಿಕೆಗಳಿಗೆ ವಿಜ್ಞಾನದ ವರದಿಗಳನ್ನು ಒದಗಿಸಿತು; ಕನ್ನಡದ ‘ಕುತೂಹಲಿ’ ಪತ್ರಿಕೆಯ ಪ್ರಕಟಣೆಯಲ್ಲಿಯೂ ಕೈಜೋಡಿಸಿತು. 2023ರಲ್ಲಿ ಕೇಂದ್ರ ಸರ್ಕಾರವು ಆ ಸಂಸ್ಥೆಯನ್ನೇ ಮುಚ್ಚಿತು. ಒಂದೇ ತಂತಿಯನ್ನು ನಂಬಿದ ದೀಪವು ಆ ತಂತಿ ಕಡಿದೊಡನೆ ಆರುವುದು ಸಹಜ.

ಎರಡನೆಯ ಅಪಾಯವು ಕಣ್ಣಿಗೆ ಬೀಳದಂತಹುದು. ಅದನ್ನು ನಮ್ಮ ಪ್ರಯೋಗಶಾಲೆಯ ಉಪಕರಣವೊಂದರಿಂದ ವಿವರಿಸಬಹುದು. ಮುಳ್ಳಿರುವ ಓಮ್‌ಮಾಪಕದೊಳಗೆ ಒಂದು ವಿದ್ಯುತ್ಕೋಶವಿರುತ್ತದೆ. ಅದಿಲ್ಲದೆ ರೋಧವನ್ನು ಅಳೆಯಲಾಗದು. ಆದರೆ ಕೋಶವು ದುರ್ಬಲವಾದಂತೆ ಮುಳ್ಳು ತೋರಿಸುವ ಅಳತೆಯೂ ತಪ್ಪುತ್ತಾ ಹೋಗುತ್ತದೆ. ಆದುದರಿಂದ ಅಳೆಯುವ ಮುನ್ನ ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ತಾಗಿಸಿ, ಮುಳ್ಳು ಸೊನ್ನೆಗೆ ಬರುವಂತೆ ಗುಂಡಿಯನ್ನು ತಿರುಗಿಸಬೇಕು. ವಾರ್ತಾಸಂಸ್ಥೆಗೆ ಹಣವೇ ಕೋಶ. ಹಣ ಕೊಡುವ ಸರ್ಕಾರವೇ ನೀರು ಸರಬರಾಜಿಗೂ ಮಾಲಿನ್ಯ ನಿಯಂತ್ರಣಕ್ಕೂ ಹೊಣೆಯಾಗಿರುವಾಗ, ಯಾರೂ ಆಜ್ಞೆ ಮಾಡದಿದ್ದರೂ ಲೇಖನಿಯು ತಾನಾಗಿಯೇ ಹಿಂಜರಿದೀತು. ಖಾಸಗಿ ದಾತನ ಹಣಕ್ಕೂ ಈ ಮಾತು ಅನ್ವಯಿಸುತ್ತದೆ.

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಅಮೆರಿಕದಲ್ಲಿ ಪತ್ರಿಕೋದ್ಯಮಿ ಇ. ಡಬ್ಲ್ಯು. ಸ್ಕ್ರಿಪ್ಸ್ ಎಂಬವರ ಹಣದಿಂದ 1921ರಲ್ಲಿ ‘ಸೈನ್ಸ್ ಸರ್ವಿಸ್’ ಎಂಬ ವಾರ್ತಾಸಂಸ್ಥೆಯು ಸ್ಥಾಪಿತವಾಯಿತು. ಅದರ 15 ಮಂದಿ ಧರ್ಮದರ್ಶಿಗಳಲ್ಲಿ ದಾತನ ಕಡೆಯವರು ಮೂವರು ಮಾತ್ರ. ಮೂರು ವಿಜ್ಞಾನ ಸಂಸ್ಥೆಗಳಿಂದ ತಲಾ ಮೂವರು, ಪತ್ರಿಕಾವೃತ್ತಿಯಿಂದ ಮೂವರು. ಹೀಗೆ ಯಾವ ಪಕ್ಷವೂ ಒಂಟಿಯಾಗಿ ಮುಳ್ಳನ್ನು ತಿರುಗಿಸಲಾರದು. ಆ ಸಂಸ್ಥೆಯು ‘ಸೊಸೈಟಿ ಫಾರ್ ಸೈನ್ಸ್’ ಎಂಬ ಹೆಸರಿನಲ್ಲಿ ಇಂದಿಗೂ ಬಾಳುತ್ತಿದೆ.

ಸ್ವಾತಂತ್ರ್ಯವೆಂದರೆ ಲೆಕ್ಕ ಕೊಡದಿರುವುದೆಂದು ಅರ್ಥವಲ್ಲ. ಲೆಕ್ಕಗಳು ಎರಡು ಬಗೆ. ಮೊದಲನೆಯದು ಹಣದ ಲೆಕ್ಕ: ಯಾರಿಂದ ಎಷ್ಟು ಬಂತು, ಯಾವುದಕ್ಕೆ ವೆಚ್ಚವಾಯಿತು ಎಂಬುದು. 2005ರ ಮಾಹಿತಿ ಹಕ್ಕು ಕಾಯಿದೆಯಂತೆ, ಸರ್ಕಾರದ ಹಣದಿಂದ ಗಣನೀಯವಾಗಿ ನಡೆಯುವ ಸರ್ಕಾರೇತರ ಸಂಸ್ಥೆಯೂ ಪ್ರಜೆಗಳು ಕೇಳಿದ ಮಾಹಿತಿಯನ್ನು ಕೊಡಬೇಕಾಗುತ್ತದೆ. ಎರಡನೆಯದು ಸತ್ಯದ ಲೆಕ್ಕ: ವರದಿಗೆ ಆಧಾರವೇನು, ಯಾರನ್ನು ವಿಚಾರಿಸಲಾಯಿತು, ತಪ್ಪು ಕಂಡಾಗ ಅದನ್ನು ಎಲ್ಲರಿಗೂ ಕಾಣುವಂತೆ ತಿದ್ದಲಾಯಿತೇ ಎಂಬುದು. ಮೊದಲನೆಯ ಲೆಕ್ಕವನ್ನು ಹಣ ಕೊಟ್ಟವರೂ ಕೇಳಬಹುದು, ಕೇಳಬೇಕು. ಎರಡನೆಯದನ್ನು ಒಪ್ಪಿಸಬೇಕಾದುದು ವಾಚಕರಿಗೆ. ಹಣದ ಲೆಕ್ಕವನ್ನು ಕೇಳುವ ನೆಪದಲ್ಲಿ ವರದಿಯನ್ನು ತಿದ್ದಲು ಹೊರಡುವುದು ಅಧಿಕಾರದ ದುರುಪಯೋಗ. ಸ್ವಾತಂತ್ರ್ಯದ ನೆಪದಲ್ಲಿ ಹಣದ ಲೆಕ್ಕವನ್ನು ಮುಚ್ಚಿಡುವುದು ವಿಶ್ವಾಸದ್ರೋಹ.

ಕನ್ನಡದಲ್ಲಿ ಇಂತಹ ಸಂಸ್ಥೆಯು ಬೆಳೆಯಬೇಕಾದರೆ ಸರ್ಕಾರದ ಅನುದಾನ, ವಿಶ್ವವಿದ್ಯಾನಿಲಯಗಳ ನೆರವು, ವಾಚಕರ ಚಂದಾ ಇವೆಲ್ಲವೂ ಕೂಡಿ ಬರಬೇಕು. ಇವುಗಳಲ್ಲಿ ಚಂದಾಹಣವು ಅತ್ಯಲ್ಪವಾಗಿದ್ದೀತು. ಆದರೂ ಅದನ್ನು ಕೊಟ್ಟ ವಾಚಕನು ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಆಗಾಗ್ಗೆ ನೋಡುತ್ತಿರುತ್ತಾನೆ. ಉತ್ತರಹಳ್ಳಿಯ ಆ ಗೃಹಸ್ಥನು ತನ್ನ ಕೂಸಿಗೆ ಕುಡಿಸುವ ನೀರಿನ ವಿಷಯದಲ್ಲಿ ನಿಜವನ್ನು ತಿಳಿಯುವುದು ಈ ಎಚ್ಚರಿಕೆಯನ್ನು ಅವಲಂಬಿಸಿದೆ.