ಬೋರ್‌ವೆಲ್ ನೀರಿನ ಸೆಲೆನಿಯಂ: ಕಬ್ಬಿಣದ ಮೊಳೆ ಹಾಕಿದರೆ ಹೋಗುತ್ತದೆಯೇ?



ಹೋದ ವಾರ ದೆಹಲಿಯಿಂದ ಹಿರಿಯರೊಬ್ಬರು ಫೋನ್ ಮಾಡಿದ್ದರು. ಮೂಲತಃ ಧಾರವಾಡದ ಕಡೆಯವರು, ನನ್ನ ಹಳೆಯ ಪೇಷಂಟ್. ಈ ಸಲ ಅವರ ಚಿಂತೆ ಹೃದಯದ್ದಲ್ಲ, ಮಗನದ್ದು. ಮಗ ಕೆಲಸದ ಮೇಲೆ ಪಂಜಾಬಿನ ಹೋಷಿಯಾರ್‌ಪುರ ಜಿಲ್ಲೆಗೆ ಹೋಗಿ ಎರಡು ವರ್ಷವಾಯಿತು. ಈಗ ಕೂದಲು ಉದುರುತ್ತಿದೆ, ಉಗುರು ಸೀಳುತ್ತಿದೆ. “ಅಲ್ಲಿನ ನೀರಿನಲ್ಲಿ ಸೆಲೆನಿಯಂ ಇದೆಯಂತೆ ಡಾಕ್ಟ್ರೇ. ಕೊಡದಲ್ಲಿ ನಾಲ್ಕು ಕಬ್ಬಿಣದ ಮೊಳೆ ಹಾಕಿಟ್ಟರೆ ಎಲ್ಲ ಎಳೆದುಕೊಳ್ಳುತ್ತದೆ ಅಂತ ಮೆಸೇಜ್ ಬಂದಿದೆ. ಹೌದೇ?”

ಅರ್ಧ ಹೌದು. ಆ ಅರ್ಧ ಸತ್ಯವನ್ನು ನಂಬಿ ಕುಡಿಯುವುದೇ ಅಪಾಯ. ಅದಕ್ಕೇ ಈ ಬರಹ.

ಹೃದಯದ ಡಾಕ್ಟರಿಗೆ ಸೆಲೆನಿಯಂ ಉಸಾಬರಿ ಏಕೆ ಎನ್ನಬೇಡಿ. ನಾವು ಓದುವಾಗ ಈ ಹೆಸರು ಬರುವುದೇ ಹೃದಯದ ಪಾಠದಲ್ಲಿ. 1935ರಲ್ಲಿ ಚೀನಾದ ಕೆಶಾನ್ ಎಂಬಲ್ಲಿ ಹೃದಯದ ಸ್ನಾಯು ದುರ್ಬಲವಾಗಿ ಜನ ಸಾಯತೊಡಗಿದರು. ಅಲ್ಲಿನ ಮಣ್ಣಿನಲ್ಲಿ ಸೆಲೆನಿಯಂ ತೀರ ಕಡಿಮೆ ಎಂಬುದು ಕಾರಣಗಳಲ್ಲೊಂದು ಎಂದು ತಿಳಿಯಲು ದಶಕಗಳೇ ಬೇಕಾದವು. 1970ರ ದಶಕದಲ್ಲಿ ಮಕ್ಕಳಿಗೆ ಸೆಲೆನಿಯಂ ಮಾತ್ರೆ ಕೊಟ್ಟ ಮೇಲೆ ರೋಗ ಇಳಿಯಿತು. ಅದೇ ದೇಶದ ಎನ್‌ಶಿ ಎಂಬ ಇನ್ನೊಂದು ಪ್ರದೇಶದಲ್ಲಿ ಸೆಲೆನಿಯಂ ಹೆಚ್ಚಾಗಿ ಜನರ ಕೂದಲು, ಉಗುರು ಉದುರಿದವು. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ನಮಗೆ ದಿನಕ್ಕೆ ಬೇಕಾದದ್ದು ಸುಮಾರು 40 ಮೈಕ್ರೋಗ್ರಾಂ. ದಿನವೂ 400 ದಾಟಿದರೆ ತೊಂದರೆ ಶುರುವಾಗಬಹುದು. ಮೈಕ್ರೋಗ್ರಾಂ ಎಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು.

ಪಂಜಾಬಿನ ನವಾನ್‌ಶಹರ್ ಮತ್ತು ಹೋಷಿಯಾರ್‌ಪುರ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಈ ಸಮಸ್ಯೆ ನಿಜವಾಗಿಯೂ ಇದೆ. ಶಿವಾಲಿಕ್ ಬೆಟ್ಟಗಳಿಂದ ಮಳೆನೀರು ಹೊತ್ತು ತಂದ ಮಣ್ಣಿನಲ್ಲಿ ಸೆಲೆನಿಯಂ ಇದೆ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಇದನ್ನು ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ದನಗಳ ಗೊರಸು, ಕೊಂಬು ಕಳಚಿದ್ದೂ ಉಂಟು. ಹಾಗೆಂದು ಇಡೀ ಪಂಜಾಬಿನ ನೀರು ವಿಷವಲ್ಲ. ಹೆಚ್ಚಿನ ಬೋರ್‌ವೆಲ್‌ಗಳು ಮಿತಿಯೊಳಗೇ ಇವೆ, ಕೆಲವು ಮಾತ್ರ ಮಿತಿಯನ್ನು ಹಲವು ಪಟ್ಟು ಮೀರಿವೆ. ಯಾವುದು ಯಾವುದೆಂದು ಬಣ್ಣ, ರುಚಿ, ವಾಸನೆ ನೋಡಿ ಹೇಳಲಾಗದು.

ಈಗ ಕಬ್ಬಿಣದ ವಿಷಯ. ನೀರಿನಲ್ಲಿ ಕರಗಿದ ಸೆಲೆನಿಯಂ ಮುಖ್ಯವಾಗಿ ಎರಡು ವೇಷದಲ್ಲಿರುತ್ತದೆ: ಸೆಲೆನೈಟ್ ಮತ್ತು ಸೆಲೆನೇಟ್. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ನಡತೆಯಲ್ಲಿ ಅಜಗಜಾಂತರ. ಕಬ್ಬಿಣದ ತುಕ್ಕು, ಅಂದರೆ ಕಬ್ಬಿಣದ ಆಕ್ಸೈಡ್ ಖನಿಜಗಳು, ಸೆಲೆನೈಟನ್ನು ಮೇಲ್ಮೈಗೆ ಗಟ್ಟಿಯಾಗಿ ಅಂಟಿಸಿಕೊಳ್ಳುತ್ತವೆ. ಬಳ್ಳಾರಿ, ಸಂಡೂರಿನಲ್ಲಿ ನಮ್ಮ ಬಟ್ಟೆಗೆ ಅಂಟುವ ಕೆಂಪು ಧೂಳಿನ ಹೆಮಟೈಟ್ ಕೂಡ ಇದೇ ಕುಟುಂಬದ್ದು. ಸೆಲೆನೇಟ್ ಮಾತ್ರ ಈ ಖನಿಜಗಳ ಹತ್ತಿರ ಬಂದರೂ ಸಡಿಲವಾಗಿ ನಿಂತು ಜಾರಿಹೋಗುತ್ತದೆ. ನೀರಿನಲ್ಲಿ ಸಲ್ಫೇಟ್ ಇದ್ದರಂತೂ ಜಾಗವೆಲ್ಲ ಅದರ ಪಾಲು. ಗಾಳಿಯ ಸಂಪರ್ಕವಿರುವ ಕೊಳವೆ ಬಾವಿ ನೀರಿನಲ್ಲಿ ಸಾಮಾನ್ಯವಾಗಿ ಹೆಚ್ಚಾಗಿರುವುದು ಈ ಹಟಮಾರಿ ಸೆಲೆನೇಟೇ.

ಅದನ್ನು ಹಿಡಿಯಲು ಬೇರೆ ಬಗೆಯ ಕಬ್ಬಿಣ ಬೇಕು. ಇನ್ನೂ ಪೂರ್ತಿ ತುಕ್ಕಾಗದ, ಎಲೆಕ್ಟ್ರಾನ್ ಕೊಡಬಲ್ಲ ಕಬ್ಬಿಣ. ವಿಜ್ಞಾನಿಗಳು ‘ಹಸಿರು ತುಕ್ಕು’ ಎನ್ನುವ ಖನಿಜವೊಂದಿದೆ, ನಿಜಕ್ಕೂ ಹಸಿರು ಬಣ್ಣದ್ದೇ. ಗಾಳಿ ಸೋಕದ ಕಡೆ ಅದು ಸೆಲೆನೇಟನ್ನು ಮೊದಲು ಸೆಲೆನೈಟ್ ಮಾಡಿ, ನಂತರ ನೀರಿನಲ್ಲಿ ಕರಗದ ಗಟ್ಟಿ ಸೆಲೆನಿಯಂ ಆಗಿಸುತ್ತದೆ ಎಂದು 1997ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕುದುರೆಮುಖದ ಗಣಿಯಿಂದ ತೆಗೆಯುತ್ತಿದ್ದ ಮ್ಯಾಗ್ನಟೈಟ್ ಜಾತಿಯ ಖನಿಜಕ್ಕೂ, ಶುದ್ಧ ಕಬ್ಬಿಣದ ಪುಡಿಗೂ ಸ್ವಲ್ಪಮಟ್ಟಿಗೆ ಈ ಗುಣವಿದೆ. ಆದರೆ ನೀರಿನ ಕ್ಷಾರ, ಗಾಳಿ, ತಂಗುವ ಸಮಯ ಎಲ್ಲವೂ ಹದವಾಗಿರಬೇಕು. ಇದು ಎಂಜಿನಿಯರುಗಳ ಘಟಕದಲ್ಲಿ ಆಗುವ ಕೆಲಸ. ಬಾಯಿ ತೆರೆದ ಕೊಡದಲ್ಲಿ ಮೊಳೆ ಹಾಕಿದರೆ ಗಾಳಿಗೆ ಅದು ಮಾಮೂಲಿ ಕೆಂಪು ತುಕ್ಕಾಗುತ್ತದೆ. ನೀರು ಕೆಂಪಗಾಗುತ್ತದೆ, ಸೆಲೆನೇಟ್ ಬಹುಪಾಲು ಅಲ್ಲೇ ಇರುತ್ತದೆ. “ಏನೋ ಹಿಡಿದಿದೆ” ಎಂಬ ಭ್ರಮೆ ಮಾತ್ರ ನಮಗೆ ಲಾಭ.

ಚೆನ್ನೈನ ಕೆಲವರು ಕೇಳಬಹುದು: ಐಐಟಿ ಮದ್ರಾಸ್‌ನವರ ಕಬ್ಬಿಣದ ಫಿಲ್ಟರ್ ಇದೆಯಲ್ಲ? ಪ್ರೊ. ಟಿ. ಪ್ರದೀಪ್ ತಂಡದ ‘ಅಮೃತ್’ ಒಳ್ಳೆಯ ಕೆಲಸ, ಆದರೆ ಅದು ಮುಖ್ಯವಾಗಿ ಆರ್ಸೆನಿಕ್‌ಗೆಂದು ರೂಪಿಸಿದ್ದು. ಆರ್ಸೆನಿಕ್ ಫಿಲ್ಟರ್ ಎಂದ ಮಾತ್ರಕ್ಕೆ ಸೆಲೆನಿಯಂಗೂ ಆಗುತ್ತದೆ ಎಂದುಕೊಳ್ಳಬೇಡಿ. ಮಾರುವವರನ್ನು ಎರಡು ರೂಪಗಳ ಬಗ್ಗೆಯೂ ಕೇಳಿ. ಉತ್ತರ ತಡವರಿಸಿದರೆ ಹಣ ಜೇಬಿನಲ್ಲೇ ಇರಲಿ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು?

*ಮೊದಲು ಪರೀಕ್ಷೆ.* ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ‘ಸೆಲೆನಿಯಂ’ ಎಂದು ಹೆಸರು ಹೇಳಿ ಕೇಳಿ, ಮಾಮೂಲಿ ಟಿಡಿಎಸ್ ಮೀಟರ್ ಇದನ್ನು ತೋರಿಸುವುದಿಲ್ಲ. ನಮ್ಮ ದೇಶದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯದು 40. ವರದಿಯಲ್ಲಿ ಯಾವ ಅಳತೆ ಬರೆದಿದ್ದಾರೆ ಎಂದು ನೋಡಿ. ಓದಿಕೊಂಡವರೇ ಇಲ್ಲಿ ಎಡವುತ್ತಾರೆ. ಲೀಟರಿಗೆ 100 ಮೈಕ್ರೋಗ್ರಾಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ನೀರಿನಿಂದಲೇ 200 ಆಯಿತು, ಊಟದ್ದು ಬೇರೆ.

ಊಟದ್ದು ಎಂದೆ. ಆ ಹಳ್ಳಿಗಳಲ್ಲಿ ನೀರಿಗಿಂತ ದೊಡ್ಡ ದಾರಿ ಗೋಧಿ. ಅದೇ ಹೊಲದ ಗೋಧಿಯ ರೊಟ್ಟಿ ಮೂರು ಹೊತ್ತೂ ತಿಂದು ನೀರನ್ನಷ್ಟೇ ಶುದ್ಧ ಮಾಡಿದರೆ ಸಾಲದು. ಹಿಟ್ಟು ಬೇರೆ ಊರಿಂದ ಬರಲಿ.

ಕುದಿಸಿದರೆ ಸೆಲೆನಿಯಂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ, ತಾಮ್ರದ ಚೊಂಬು ಯಾವುದೂ ಇದಕ್ಕಲ್ಲ. ಮನೆಮಟ್ಟಿಗೆ ಎರಡೂ ರೂಪಗಳನ್ನು ತಡೆಯುವುದು ಆರ್‌ಒ. ಹಾಕಿಸಿದ ಮೇಲೆ ಹೊರಬರುವ ನೀರನ್ನೂ ಒಮ್ಮೆ ಪರೀಕ್ಷಿಸಿ, ಮೆಂಬ್ರೇನ್ ಸಮಯಕ್ಕೆ ಬದಲಾಯಿಸಿ. ಆರ್‌ಒ ಬಿಸಾಡುವ ನೀರಿನಲ್ಲಿ ಸೆಲೆನಿಯಂ ಹೆಚ್ಚಿರುತ್ತದೆ. ಕೊತ್ತಂಬರಿ, ಮೆಂತ್ಯದ ಕುಂಡಕ್ಕೆ ಅದನ್ನು ಹಾಕಬೇಡಿ.

ಇನ್ನೊಂದು ಮಾತು ನನ್ನ ಹೃದಯದ ಪೇಷಂಟುಗಳಿಗೆ. ‘ಆಂಟಿಆಕ್ಸಿಡೆಂಟ್’ ಎಂದು ನೀವೇ ತಂದು ನುಂಗುವ ಹಲವು ಕ್ಯಾಪ್ಸೂಲುಗಳಲ್ಲಿ ಸೆಲೆನಿಯಂ ಇರುತ್ತದೆ. ಡಬ್ಬಿಯ ಹಿಂದೆ ಓದಿ. ನೀರು, ಗೋಧಿ, ಕ್ಯಾಪ್ಸೂಲ್ ಮೂರೂ ಕೂಡಿದರೆ ಲೆಕ್ಕ ತಪ್ಪುತ್ತದೆ.

ಹಿರಿಯರ ಮಗನ ಜೊತೆ ಅಂದೇ ರಾತ್ರಿ ಮಾತನಾಡಿದೆ. ಕೂದಲು ಉದುರಲು ಥೈರಾಯ್ಡ್, ರಕ್ತಹೀನತೆ, ಟೈಫಾಯ್ಡ್ ಹೀಗೆ ಹತ್ತು ಕಾರಣಗಳಿವೆ. ಉಗುರೂ ಹಾಳಾಗಿ, ಉಸಿರಿಗೆ ಬೆಳ್ಳುಳ್ಳಿ ವಾಸನೆ ಬಂದು, ಕೈಕಾಲು ಜೋಮು ಹಿಡಿದರೆ ಸೆಲೆನಿಯಂ ಅನುಮಾನ ಬಲವಾಗುತ್ತದೆ. ಅವನಿಗೆ ಜೋಮು ಇಲ್ಲ. ರಕ್ತ ಪರೀಕ್ಷೆ ಬರೆದುಕೊಟ್ಟಿದ್ದೇನೆ, ನೀರಿನ ಸ್ಯಾಂಪಲ್ ಸೋಮವಾರ ಪ್ರಯೋಗಾಲಯಕ್ಕೆ ಹೋಗಿದೆ. ವರದಿ ಬರುವವರೆಗೆ ಪೇಟೆಯ ಕ್ಯಾನ್ ನೀರು ಕುಡಿಯುತ್ತಿದ್ದಾನೆ. ಮೊಳೆಗಳನ್ನು ಅಮ್ಮ ಫೋನಿನಲ್ಲೇ ನಿಂತು ತೆಗೆಸಿದರಂತೆ.