ಗುಳಿಗಿ ಹೆಚ್ಚಾದರೆ ಚಟ ಹತ್ತಿತೆಂದಲ್ಲ

ಹೊಳೆಮಣ್ಣೂರಿನ ಮನೆಯೊಂದರಲ್ಲಿ ಹಿರಿಯರಿಗೆ ಕ್ಯಾನ್ಸರ್ ಅಂತಾದರೆ ಹೊಳೆಆಲೂರಿಗೆ ಬಂದು ಗದಗಿನ ರೈಲು ಹಿಡಿಯಬೇಕು, ಅಲ್ಲಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ. ನೋವು ಎಲುಬಿಗೆ ಇಳಿದಾಗ ಡಾಕ್ಟರು ಮಾರ್ಫಿನ್ ಗುಳಿಗೆ ಬರೆಯುತ್ತಾರೆ. ನಿದ್ದೆ ಬರುತ್ತದೆ, ಅರ್ಧ ರೊಟ್ಟಿ ಸೇರುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ಅದೇ ಗುಳಿಗೆ ಸಾಲದಾಗುತ್ತದೆ. ಆಗ ಪಡಸಾಲೆಯಲ್ಲಿ ಪಿಸುಮಾತು: ‘ಅಪ್ಪಗ ಗುಳಿಗಿ ಚಟಾ ಹತ್ತೇತಿ, ಇನ್ನ ಕಡಿಮಿ ಮಾಡೂಣು.’

ಈ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಅದರ ಹೊರೆ ಬೀಳುವುದು ನರಳುವವರ ಮೇಲೆ. ರೋಗ ಬಲಿತು ನೋವೇ ಹೆಚ್ಚಿರಬಹುದು. ಇಲ್ಲವೇ ಅವರ ಜೀವಕೋಶಗಳು ಔಷಧಕ್ಕೆ ಒಗ್ಗಿರಬಹುದು. ಎರಡರಲ್ಲೂ ಅವರ ತಪ್ಪಿಲ್ಲ.

ಮಾರ್ಫಿನ್ ಸಿಗುವುದು ಅಫೀಮಿನಿಂದ. ನಮ್ಮ ಪಾಯಸದ ಗಸಗಸೆ ಅದೇ ಗಿಡದ ಬೀಜ, ಅಫೀಮು ಅದರ ಹಸಿ ಕಾಯಿಯ ಹಾಲು. ನರಕೋಶದ ಹೊರಪೊರೆಯಲ್ಲಿ ಈ ಮದ್ದು ಬಂದು ಕೂರುವ ಪ್ರೋಟೀನುಗಳಿವೆ. ಅವೇ ಒಪಿಯಾಯ್ಡ್ ರಿಸೆಪ್ಟರ್‌ಗಳು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಇವನ್ನು 1973ರಲ್ಲಿ ತೋರಿಸಿಕೊಟ್ಟರು. ಅಫೀಮಿಗಾಗಿ ನಮ್ಮ ಮೈಯಲ್ಲೇಕೆ ಜಾಗ ಎಂಬ ಪ್ರಶ್ನೆಗೆ 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಉತ್ತರ ಬಂತು. ಮಿದುಳು ತಾನೇ ತಯಾರಿಸುವ ನೋವುಶಮನಿ ಎನ್ಕೆಫಾಲಿನ್‌ಗೆ ಮೀಸಲಾದ ಜಾಗ ಅದು.

ಮಾರ್ಫಿನ್ ಬಂದು ಕೂತೊಡನೆ ರಿಸೆಪ್ಟರ್ ಒಳಗಿನ ಜಿ-ಪ್ರೋಟೀನನ್ನು ಎಚ್ಚರಿಸುತ್ತದೆ, ಅದು ನೋವಿನ ಸಂದೇಶವನ್ನು ತಗ್ಗಿಸುತ್ತದೆ. ಮದ್ದು ದಿನವೂ ಬರುತ್ತಲೇ ಇದ್ದರೆ ಕೋಶ ತನ್ನ ರಕ್ಷಣೆಗೆ ತಾನೇ ನಿಲ್ಲುತ್ತದೆ. ಕಿಣ್ವಗಳು ರಿಸೆಪ್ಟರಿನ ಒಳಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತವೆ. ಆ ಗುರುತು ಹಿಡಿದು ಅರೆಸ್ಟಿನ್ ಎಂಬ ಪ್ರೋಟೀನು ಬಂದು ಅಲ್ಲಿ ಕೂತುಬಿಡುತ್ತದೆ, ಜಿ-ಪ್ರೋಟೀನಿಗೆ ಜಾಗ ಸಿಗುವುದಿಲ್ಲ. ಮದ್ದು ಕೂತಿದ್ದರೂ ಸುದ್ದಿ ಒಳಗೆ ಮುಟ್ಟದು. ಕೆಲವು ರಿಸೆಪ್ಟರ್‌ಗಳನ್ನು ಕೋಶ ಒಳಕ್ಕೆಳೆದುಕೊಳ್ಳುತ್ತದೆ. ಕೆಲವು ಮರಳುತ್ತವೆ, ಕೆಲವು ಕರಗಿಹೋಗುತ್ತವೆ.

ಇದರ ಜೊತೆಗೇ ಇನ್ನೊಂದು ನಡೆಯುತ್ತದೆ. ಮಾರ್ಫಿನ್ ತಗ್ಗಿಸಿದ್ದ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕದ ತಯಾರಿಕೆಯನ್ನು ಕೋಶ ಮೆಲ್ಲಗೆ ಏರಿಸಿಕೊಳ್ಳುತ್ತದೆ. ಮದ್ದು ಒಮ್ಮೆಲೇ ನಿಂತರೆ ಅದು ಉಕ್ಕುತ್ತದೆ. ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಹೊಟ್ಟೆ ನುಲಿತ, ಭೇದಿ.

ಒಗ್ಗುವಿಕೆ ಬೇರೆ, ಮದ್ದು ನಿಂತರೆ ಮೈ ಹೀಗೆ ಒದ್ದಾಡುವ ಈ ಅವಲಂಬನೆ ಬೇರೆ. 2000ದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಬೀಟಾ-ಅರೆಸ್ಟಿನ್-2 ಇಲ್ಲದ ಇಲಿಗಳಿಗೆ ದಿನವೂ ಮಾರ್ಫಿನ್ ಕೊಟ್ಟು ನೋಡಿದರು. ನೋವು ತಡೆಯುವ ಶಕ್ತಿ ಕುಂದಲಿಲ್ಲ, ಆದರೆ ಅವಲಂಬನೆ ಬಂತು. ಇನ್ನು ಚಟ ಇವೆರಡೂ ಅಲ್ಲ. ಬದುಕು ಹಾಳಾಗುತ್ತಿದ್ದರೂ ಮದ್ದನ್ನೇ ಹುಡುಕಿ ಹೋಗುವ ಸೆಳೆತ ಅದು. ನೋವಿಗೆಂದು ಗುಳಿಗೆ ಕೇಳುವವರನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ.

ಕರುಳು ಮಾತ್ರ ಅಷ್ಟಾಗಿ ಒಗ್ಗದು. ವಾರ ಕಳೆದರೂ ಮಲಬದ್ಧತೆ ಹೋಗುವುದಿಲ್ಲ. ಅದಕ್ಕೇ ಮಾರ್ಫಿನ್ ಜೊತೆ ಮಲ ಸಡಿಲಿಸುವ ಔಷಧವನ್ನೂ ಬರೆಯುತ್ತಾರೆ, ಅದನ್ನು ಬಿಡಬಾರದು.

1985ರ ಮಾದಕವಸ್ತು ಕಾಯ್ದೆಯ ಬಿಗಿಯಲ್ಲಿ ಈ ಗುಳಿಗೆ ಆಸ್ಪತ್ರೆಗಳಿಗೇ ದುರ್ಲಭವಾಗಿತ್ತು. 2014ರ ತಿದ್ದುಪಡಿ ಗಂಟನ್ನು ಸಡಿಲಿಸಿತು. ಹಾಗೆ ಮನೆತನಕ ಬಂದ ಗುಳಿಗೆಯನ್ನು ಹೆದರಿ ಬಚ್ಚಿಡುವುದರಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಸಾಲದಿದ್ದರೆ ಡಾಕ್ಟರಿಗೆ ಹೇಳಬೇಕು. ಅವರು ಅಳತೆ ಏರಿಸುತ್ತಾರೆ, ಇಲ್ಲವೇ ಬೇರೆ ಒಪಿಯಾಯ್ಡ್ ಕೊಡುತ್ತಾರೆ. ಕಡಿಮೆ ಮಾಡುವುದಿದ್ದರೂ ಅವರೇ ಹಂತ ಹಂತವಾಗಿ ಮಾಡಬೇಕು. ಮದ್ದು ನಿಂತ ಮೇಲೆ ರಿಸೆಪ್ಟರ್‌ಗಳು ಮತ್ತೆ ಚುರುಕಾಗುತ್ತವೆ. ಒಂದೆರಡು ವಾರ ಮುಚ್ಚಿಟ್ಟು, ನರಳುವುದನ್ನು ನೋಡಲಾರದೆ ಒಂದು ರಾತ್ರಿ ಹಳೆಯ ಅಳತೆಯನ್ನೇ ಕೊಟ್ಟರೆ ಉಸಿರು ನಿಂತೀತು.